ಹಾಡಿ, ಲೈನ್ ಮನೆ, ಒಂಟಿ ಮನೆ: ಲಸಿಕೆ ಮತ್ತು ಆರೋಗ್ಯ ದಾಖಲೆ ಬಗ್ಗೆ ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಆಶಾ ಕಾರ್ಯಕರ್ತೆಯರ ಜೊತೆ ಹಾಡಿಗೆ (ಆದಿವಾಸಿಗಳ ಊರು), ಲೈನ್ ಮನೆಗೆ (ತೋಟದ ಕಾರ್ಮಿಕರ ಸಾಲುಮನೆ), ತೋಟದ ನಡುವಿನ ಒಂಟಿ ಮನೆಗಳಿಗೆ ಹೋಗುವ ಸ್ವಯಂಸೇವಕರಲ್ಲಿ ನಾನೂ ಒಬ್ಬಳು. ಹೋದಲ್ಲೆಲ್ಲ ಜನ ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಸೂಜಿ ನೋಯುತ್ತಾ ಅಂತ ಕೇಳುವವರು ಕಡಿಮೆ. ಹೆಸರು ಯಾಕೆ ಬರೆದುಕೊಳ್ಳುತ್ತೀರಿ, ಯಾರಿಗೆ ಕೊಡುತ್ತೀರಿ, ಕಾರ್ಡ್ ಇಲ್ಲದಿದ್ದರೆ ಏನು ಮಾಡಬೇಕು ಅಂತ ಕೇಳುವವರೇ ಜಾಸ್ತಿ. ಅವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕಾಗದ ಇಲ್ಲ ಅಂತ ಯಾರ ಲಸಿಕೆಯೂ ನಿಲ್ಲಬಾರದು. ಲಸಿಕೆ ಹಾಕಿದ ಮೇಲೆ ಅದರ ದಾಖಲೆ ಹಾಕಿಸಿಕೊಂಡವರ ಕೈಗೆ ಸೇರಲೇಬೇಕು. ಬೇರೆಯವರ ಕೈಗೆ ಹೋಗುವುದು ಆ ಕೆಲಸಕ್ಕೆ ಬೇಕಾದಷ್ಟು ಮಾತ್ರ.

ಕೊಡಗಿನಲ್ಲಿ ಲಸಿಕೆ ತಲುಪುವುದು ಯಾರಿಗೆ ಕಷ್ಟ?

ನಮ್ಮ ಕಡೆ ಊರು ಅಂದರೆ ಅಕ್ಕಪಕ್ಕ ಅಂಟಿಕೊಂಡ ಮನೆಗಳಲ್ಲ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ತೋಟ, ಗದ್ದೆ, ಹೊಳೆ ಇರುತ್ತದೆ. 4,102 ಚದರ ಕಿಲೋಮೀಟರ್ ಜಾಗದಲ್ಲಿ 2011ರ ಜನಗಣತಿ ಪ್ರಕಾರ 5,54,519 ಜನ. ಆ ಲೆಕ್ಕದಲ್ಲಿ ರಾಜ್ಯದಲ್ಲೇ ಅತಿ ಕಡಿಮೆ ಜನ ಇರುವ ಜಿಲ್ಲೆ ಇದು. ಹೀಗಾಗಿ ಸಿಸ್ಟರ್ ಒಬ್ಬರು ದಿನವಿಡೀ ಓಡಾಡಿದರೂ ನೋಡಲು ಸಾಧ್ಯವಾಗುವುದು ಕೆಲವೇ ಮನೆ.

ಅದರಲ್ಲೂ ಕೆಲವರು ಸುಲಭವಾಗಿ ಬಿಟ್ಟುಹೋಗುತ್ತಾರೆ. ಹಾಡಿಗಳಲ್ಲಿರುವ ಯರವರು, ಜೇನು ಕುರುಬರು, ಬೆಟ್ಟ ಕುರುಬರು ಮೊದಲನೆಯವರು. ಜಿಲ್ಲೆಯಲ್ಲಿ ಹತ್ತಕ್ಕೆ ಒಬ್ಬರಷ್ಟು ಪರಿಶಿಷ್ಟ ಪಂಗಡದವರಿದ್ದಾರೆ. ಜೇನು ಕುರುಬರನ್ನಂತೂ ಕೇಂದ್ರ ಸರ್ಕಾರವೇ ವಿಶೇಷವಾಗಿ ದುರ್ಬಲವಾದ ಬುಡಕಟ್ಟು ಎಂದು ಗುರುತಿಸಿದೆ. ಎರಡನೆಯವರು ಲೈನ್ ಮನೆಯ ಕೂಲಿ ಕಾರ್ಮಿಕರು. ಅಸ್ಸಾಂ, ಪಶ್ಚಿಮ ಬಂಗಾಳದಿಂದ ಕೊಯ್ಲಿಗೆ ಬಂದವರು ಒಂದು ತೋಟದಲ್ಲಿ ಎರಡು ತಿಂಗಳು ಇದ್ದರೆ, ಮುಂದಿನ ತಿಂಗಳು ಬೇರೆ ಹೋಬಳಿಯಲ್ಲಿ ಇರುತ್ತಾರೆ.

ಮೂರನೆಯವರ ಬಗ್ಗೆ ನಾವು ಮಾತಾಡುವುದೇ ಕಡಿಮೆ. ಅನುಕೂಲಸ್ಥರ ದೊಡ್ಡ ಮನೆಗಳಲ್ಲಿ ಒಂಟಿಯಾಗಿರುವ ಹಿರಿಯರು. ಮಕ್ಕಳು ಬೆಂಗಳೂರಲ್ಲೋ ಹೊರದೇಶದಲ್ಲೋ ಇರುತ್ತಾರೆ. ಮನೆ ಚೆನ್ನಾಗಿದೆ, ಕಾರೂ ಇದೆ, ಆದರೆ ಓಡಿಸುವವರಿಲ್ಲ. ಇಂಥವರಿಗೆ ಸಹಾಯ ಬೇಕು ಅಂತ ಯಾರಿಗೂ ಹೊಳೆಯುವುದೇ ಇಲ್ಲ. ಡಯಾಲಿಸಿಸ್‌ಗೆ ಹೋಗುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಹಾಸಿಗೆ ಹಿಡಿದವರು, ಅಂಗವಿಕಲರು ಈ ಎಲ್ಲ ಗುಂಪುಗಳಲ್ಲೂ ಇದ್ದಾರೆ. ಲಸಿಕೆ ಎಲ್ಲರಿಗಿಂತ ಹೆಚ್ಚು ಬೇಕಾಗಿರುವುದು ಇವರಿಗೇ.

ಆಶಾ ಅಕ್ಕನ ಹತ್ತಿರ ಪಟ್ಟಿ ಇರುತ್ತದಲ್ಲ, ಆದರೂ ನಮ್ಮ ಹೆಸರು ಹೇಗೆ ತಪ್ಪಿತು?

ಮನೆಮನೆ ಎಣಿಕೆ ನಡೆಯುವುದು ಹಗಲಲ್ಲಿ. ಹಾಡಿಯಲ್ಲೂ ಲೈನ್‌ನಲ್ಲೂ ಆಗ ಮನೆಯಲ್ಲಿ ಯಾರೂ ಇರುವುದಿಲ್ಲ. ಜೀಪ್ ಬೆಳಿಗ್ಗೆಯೇ ಬಂದು ಎಲ್ಲರನ್ನೂ ತೋಟಕ್ಕೆ ಕರೆದುಕೊಂಡು ಹೋಗಿರುತ್ತದೆ. ಸಂಜೆ ಹೋಗೋಣ ಅಂದರೆ ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಆನೆ ರಸ್ತೆಗೆ ಬರುವ ಹೊತ್ತು ಅದೇ. ಒಬ್ಬಳೇ ಹೆಣ್ಣುಮಗಳನ್ನು ಆ ಹೊತ್ತಿನಲ್ಲಿ ಕಳಿಸುವುದು ಸರಿಯಲ್ಲ.

ಇನ್ನೊಂದು ಕಾರಣ ಹೆಸರು. ಒಬ್ಬರೇ ಹೆಂಗಸಿಗೆ ಆಧಾರ್‌ನಲ್ಲಿ ಒಂದು ಹೆಸರು, ತಾಯಿ-ಮಗುವಿನ ಲಸಿಕೆ ಬರೆಯುವ ತಾಯಿ ಕಾರ್ಡಿನಲ್ಲಿ ಇನ್ನೊಂದು, ಹಾಡಿಯಲ್ಲಿ ಎಲ್ಲರೂ ಕರೆಯುವುದು ಮತ್ತೊಂದು. ಮೂರೂ ಕಡೆ ಹುಡುಕಿದರೆ ಮೂವರು ಸಿಗುತ್ತಾರೆ, ಇಲ್ಲವೇ ಯಾರೂ ಸಿಗುವುದಿಲ್ಲ. ಹೆರಿಗೆಗೆ ತವರಿಗೆ ಹೋಗಿ ಬಂದ ತಾಯಂದಿರ ಮಗುವಿನ ಮೊದಲ ಡೋಸ್ ಬೇರೆ ಆರೋಗ್ಯ ಕೇಂದ್ರದ ಲೆಕ್ಕದಲ್ಲಿರುತ್ತದೆ. ಕುಟ್ಟ, ಕರಿಕೆ ಕಡೆಯವರಾದರೆ ಆ ಲೆಕ್ಕ ಕೇರಳದಲ್ಲಿರಲೂಬಹುದು.

ಹೆಸರು ತಪ್ಪಿದ್ದರೆ ಹೀಗೆ ಮಾಡಿ. ನಿಮ್ಮನ್ನು ಕರೆಯುವ ಹೆಸರನ್ನೂ ಹೇಳಿ, ದಾಖಲೆಯ ಹೆಸರನ್ನೂ ಹೇಳಿ. ಮನೆಯ ಗುರುತಿಗೆ ಹಾಡಿಯ ಹೆಸರು ಅಥವಾ ತೋಟದ ಹೆಸರು ಹೇಳಿ. ಮೇಸ್ತ್ರಿ ಯಾರು ಅಂತ ತಿಳಿದರೂ ಸಾಕು, ಹುಡುಕಬಹುದು. ಪಟ್ಟಿಯಲ್ಲಿ ಇಲ್ಲ ಅಂತ ಹಿಂದಕ್ಕೆ ಕಳಿಸಿದರೆ ಸುಮ್ಮನೆ ಮನೆಗೆ ಹೊರಡಬೇಡಿ. ಈಗಲೇ ಸೇರಿಸಿಕೊಳ್ಳಿ ಅಂತ ಕೇಳಿ. ಪಟ್ಟಿಗೆ ಹೆಸರು ಸೇರಿಸುವುದು ಅವರ ಕೆಲಸದ ಭಾಗ, ನಿಮಗೆ ಮಾಡುವ ಉಪಕಾರವಲ್ಲ.

ಆಧಾರ್ ಕಾರ್ಡ್ ಇಲ್ಲ. ಲಸಿಕೆ ಸಿಗುತ್ತಾ?

ಸಿಗಬೇಕು. ಮಕ್ಕಳು, ಗರ್ಭಿಣಿಯರಿಗೆ ಸರ್ಕಾರ ಕೊಡುವ ಸಾಮಾನ್ಯ ಲಸಿಕೆಗಳು ಉಚಿತ. ಆಧಾರ್ ಇಲ್ಲ ಅಂತ ಅವನ್ನು ನಿರಾಕರಿಸುವ ಹಾಗಿಲ್ಲ.

ಕೋವಿಡ್ ಕಾಲದಲ್ಲಿ ಈ ಪ್ರಶ್ನೆ ದೊಡ್ಡದಾಗಿ ಎದ್ದಿತ್ತು. 2021ರ ಜನವರಿ 16ರಂದು ಲಸಿಕೆ ಶುರುವಾದಾಗ ಎಲ್ಲವೂ ಕೋವಿನ್ ಆ್ಯಪ್, ಗುರುತಿನ ಚೀಟಿ, ಮೊಬೈಲ್ ನಂಬರ್ ಮೇಲೆಯೇ ನಡೆಯುತ್ತಿತ್ತು. ಮೊಬೈಲೇ ಇಲ್ಲದವರು ಹೊರಗುಳಿದರು. ಆ ವರ್ಷ ಮೇ ತಿಂಗಳಲ್ಲಿ ಗುರುತಿನ ಚೀಟಿ ಇಲ್ಲದವರಿಗಾಗಿಯೇ ಕೇಂದ್ರ ಸರ್ಕಾರ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ಅಲೆಮಾರಿಗಳು, ವೃದ್ಧಾಶ್ರಮದಲ್ಲಿರುವವರು, ಭಿಕ್ಷುಕರು ಹೀಗೆ ಹಲವರ ಹೆಸರು ಅದರಲ್ಲಿತ್ತು. ಗೊತ್ತುಮಾಡಿದ ಒಬ್ಬ ವ್ಯಕ್ತಿ ಅವರನ್ನು ಗುರುತಿಸಿದರೆ ಸಾಕಿತ್ತು. ಕೋವಿನ್‌ಗೆ ಆಧಾರ್ ಕಡ್ಡಾಯವಲ್ಲ ಅಂತ 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸರ್ಕಾರವೇ ಹೇಳಿತು. ಆ ದಾರಿ ಒಮ್ಮೆ ತೆರೆದಿದೆ. ಇನ್ನು ಮುಂದೆ ಯಾವ ಲಸಿಕೆ ಬಂದರೂ ಅದೇ ದಾರಿಯನ್ನು ಮೊದಲ ದಿನದಿಂದಲೇ ಕೇಳುವುದು ನಮ್ಮ ಹಕ್ಕು.

ತಾಯಿ ಕಾರ್ಡ್ ಮಳೆಯಲ್ಲಿ ಹಾಳಾಗಿದೆ. ಮಗುವಿಗೆ ಮೊದಲಿಂದ ಹಾಕಿಸಬೇಕಾ?

ಬೇಡ. ಎಲ್ಲಿಗೆ ನಿಂತಿದೆಯೋ ಅಲ್ಲಿಂದ ಮುಂದುವರಿಸಿದರೆ ಸಾಕು. ನಡುವೆ ತಿಂಗಳುಗಟ್ಟಲೆ ಬಿಟ್ಟುಹೋಗಿದ್ದರೂ ಹಾಕಿದ ಡೋಸ್ ವ್ಯರ್ಥವಾಗಿಲ್ಲ.

ಪ್ರಶ್ನೆ ಇರುವುದು ಎಲ್ಲಿಗೆ ನಿಂತಿದೆ ಅಂತ ತಿಳಿಯುವುದು ಹೇಗೆ ಅನ್ನುವುದರಲ್ಲಿ. ನಮ್ಮಲ್ಲಿ ಕಾಗದ ಉಳಿಸಿಕೊಳ್ಳುವುದೇ ಕಷ್ಟ. ಸೋರುವ ಮಾಡು, ಜೂನ್‌ನಿಂದ ಸೆಪ್ಟೆಂಬರ್ ತನಕ ಒದ್ದೆ ಗೋಡೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡ ಕುಸಿದಾಗ ಮನೆಗಳ ಜೊತೆ ಕಾಗದಗಳೂ ಹೋದವು. ಆದ್ದರಿಂದ ಕಾರ್ಡ್ ಕಳೆದುಕೊಂಡ ತಾಯಿಯನ್ನು ಬೈಯುವುದು ತಪ್ಪು. ಬೈಸಿಕೊಂಡವರು ಮುಂದಿನ ಸಲ ಬರುವುದಿಲ್ಲ.

ಹುಡುಕುವ ದಾರಿಗಳಿವೆ. ಹೆರಿಗೆಯಾದ ಆಸ್ಪತ್ರೆಯಲ್ಲಿ ಹುಟ್ಟಿದಾಗ ಕೊಟ್ಟ ಬಿಸಿಜಿ (ಟಿಬಿ ಲಸಿಕೆ), ಪೋಲಿಯೊ ಹನಿ, ಹೆಪಟೈಟಿಸ್ ಬಿ ಲಸಿಕೆಯ ದಾಖಲೆ ಇರುತ್ತದೆ. ಉಪಕೇಂದ್ರದ ರಿಜಿಸ್ಟರ್‌ನಲ್ಲಿ ತಾಯಿಯ ಹೆಸರಿನ ಕೆಳಗೆ ಮಗುವಿನ ಲೆಕ್ಕ ಇರುತ್ತದೆ. ಸರ್ಕಾರದ ಆನ್‌ಲೈನ್ ಲಸಿಕೆ ದಾಖಲೆಯಾದ ಯು-ವಿನ್‌ನಲ್ಲಿ ನೋಂದಾಯಿಸಿದ್ದರೆ ಮೊಬೈಲ್ ನಂಬರ್‌ನಿಂದ ತೆಗೆಯಬಹುದು. ಬಿಸಿಜಿ ಹಾಕಿದ ಗುರುತು ಸಾಮಾನ್ಯವಾಗಿ ಎಡ ತೋಳಿನಲ್ಲಿ ಉಳಿಯುತ್ತದೆ. ಗುರುತಿಲ್ಲ ಅಂದ ಮಾತ್ರಕ್ಕೆ ಹಾಕಿಲ್ಲ ಅಂತಲ್ಲ. ಏನೂ ಸಿಗದಿದ್ದರೆ ಮಗುವಿನ ವಯಸ್ಸು ನೋಡಿ ಯಾವುದು ಹಾಕಬೇಕು ಅಂತ ವೈದ್ಯರು ಹೇಳುತ್ತಾರೆ. ದಡಾರ-ರುಬೆಲ್ಲಾ ಲಸಿಕೆ ತಪ್ಪಿದ್ದರೆ 5 ವರ್ಷದವರೆಗೆ, ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಲಸಿಕೆ) ತಪ್ಪಿದ್ದರೆ 7 ವರ್ಷದವರೆಗೆ ಹಾಕಿಸುವ ಅವಕಾಶ ಇದೆ.

ಹೊಸ ಕಾರ್ಡ್ ಸಿಕ್ಕಿದ ಮೇಲೆ ಪ್ಲಾಸ್ಟಿಕ್ ಕವರ್‌ನಲ್ಲಿಡಿ. ಒಂದು ಫೋಟೊ ತೆಗೆದು ಮನೆಯವರ ಫೋನಿನಲ್ಲಿ ಇಟ್ಟುಕೊಳ್ಳಿ.

ಅಸ್ಸಾಂನಿಂದ ಬಂದಿದ್ದೇವೆ. ಅಲ್ಲಿ ಒಂದೆರಡು ಡೋಸ್ ಆಗಿದೆ. ಇಲ್ಲಿ ಉಳಿದದ್ದು ಹಾಕುತ್ತಾರಾ?

ಹಾಕುತ್ತಾರೆ. ದೇಶದ ಎಲ್ಲ ರಾಜ್ಯಗಳಲ್ಲೂ ಮಕ್ಕಳ ಲಸಿಕೆಯ ಪಟ್ಟಿ ಬಹುತೇಕ ಒಂದೇ. 6, 10, 14 ವಾರಕ್ಕೆ ಐದು ರೋಗ ತಡೆಯುವ ಪೆಂಟಾವೇಲೆಂಟ್, 9 ತಿಂಗಳಿಗೆ ದಡಾರ-ರುಬೆಲ್ಲಾ ಎಲ್ಲ ಕಡೆಯೂ ಹಾಗೆಯೇ. ಯು-ವಿನ್ ವ್ಯವಸ್ಥೆಯನ್ನು 2023ರ ಜನವರಿಯಲ್ಲಿ ಪ್ರಾಯೋಗಿಕವಾಗಿ ಶುರು ಮಾಡಿದ್ದಕ್ಕೆ ಇದೂ ಒಂದು ಕಾರಣ. ಮಗು ಎಲ್ಲಿಗೆ ಹೋದರೂ ಲೆಕ್ಕ ಹಿಂದೆಯೇ ಬರಬೇಕು, ಯಾವ ಊರಲ್ಲಾದರೂ ಮುಂದಿನ ಡೋಸ್ ಸಿಗಬೇಕು ಅನ್ನುವುದು ಅದರ ಉದ್ದೇಶ. ಊರಲ್ಲಿ ಕೊಟ್ಟಿದ್ದ ಮೊಬೈಲ್ ನಂಬರ್ ಬದಲಾಗಿದ್ದರೆ ಹಳೆಯ ನಂಬರನ್ನೂ ಹೇಳಿ. ಊರಿನಲ್ಲಿರುವ ಅಜ್ಜಿಗೆ ಫೋನ್ ಮಾಡಿ ಕಾರ್ಡಿನ ಫೋಟೊ ತರಿಸಿದರೂ ಆಗುತ್ತದೆ.

ಇವರಲ್ಲಿ ಇನ್ನೊಂದು ಭಯವೂ ಇದೆ. ಹೆಸರು ಕೊಟ್ಟರೆ ಪೊಲೀಸರಿಗೆ ಹೋಗುತ್ತದೆ, ಹೊರಗಿನವರು ಅಂತ ತೊಂದರೆ ಮಾಡುತ್ತಾರೆ ಅನ್ನುವ ಭಯ. ತೋಟದಲ್ಲಿ ಗುರುತಿನ ಚೀಟಿ ಕೇಳಲು ಬೇರೆ ಕಾರಣಗಳಿರಬಹುದು. ಆ ಪಟ್ಟಿಯೇ ಬೇರೆ, ಲಸಿಕೆಯ ಪಟ್ಟಿಯೇ ಬೇರೆ. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆಯುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಒಂದು ಸಲ ನಂಬಿಕೆ ಹೋದರೆ, ತಂಡದ ಜೀಪ್ ಕಂಡ ಕೂಡಲೇ ಮಕ್ಕಳನ್ನು ಎತ್ತಿಕೊಂಡು ತೋಟದೊಳಗೆ ಹೋಗಿಬಿಡುತ್ತಾರೆ. ಆಮೇಲೆ ದಡಾರ ಬಂದರೆ ಅದು ಒಂದು ಲೈನ್‌ನಲ್ಲಿ ನಿಲ್ಲುವುದಿಲ್ಲ.

ನಾನು ತೋಟದ ಮಾಲೀಕ. ಲೈನ್‌ನಲ್ಲಿರುವವರ ಪಟ್ಟಿ ಕೇಳಿದ್ದಾರೆ. ಏನು ಕೊಡಬೇಕು?

ಎಷ್ಟು ಕುಟುಂಬ, 5 ವರ್ಷದೊಳಗಿನ ಮಕ್ಕಳೆಷ್ಟು, ಹಾಸಿಗೆಯಲ್ಲಿರುವವರು ಇದ್ದಾರಾ, ಲೈನ್‌ಗೆ ದಾರಿ ಯಾವುದು, ಎಷ್ಟು ಹೊತ್ತಿಗೆ ಜನ ಇರುತ್ತಾರೆ. ಇಷ್ಟು ಕೊಟ್ಟರೆ ತಂಡದ ಕೆಲಸ ಶುರುವಾಗುತ್ತದೆ. ಹೆಸರು, ಕಾಯಿಲೆ, ಗರ್ಭಿಣಿ ಹೌದೋ ಅಲ್ಲವೋ ಅನ್ನುವುದನ್ನು ಸಿಸ್ಟರ್ ನೇರವಾಗಿ ಅವರನ್ನೇ ಕೇಳಲಿ. ಆಧಾರ್ ಜೆರಾಕ್ಸ್ ಕಟ್ಟನ್ನು ಹಾಗೇ ಎತ್ತಿಕೊಡಬೇಡಿ. ತಂಡ ಮಾತಾಡುವಾಗ ನೀವಾಗಲಿ ತೋಟದ ಲೆಕ್ಕ ಬರೆಯುವ ರೈಟರ್ ಆಗಲಿ ಪಕ್ಕದಲ್ಲಿ ನಿಲ್ಲದಿದ್ದರೆ ಒಳ್ಳೆಯದು. ದಣಿಯ ಎದುರು ಕಾಯಿಲೆ ಹೇಳಿಕೊಳ್ಳಲು ಯಾರಿಗೂ ಮನಸ್ಸು ಬರುವುದಿಲ್ಲ. ಕೆಲಸ ಹೋಗಬಹುದು ಅನ್ನುವ ಹೆದರಿಕೆ ಇರುತ್ತದೆ.

ಸಮಯದ ಬಗ್ಗೆಯೂ ಒಂದು ಮಾತು. ನವೆಂಬರ್‌ನಿಂದ ಅರೇಬಿಕಾ, ಜನವರಿ ನಂತರ ರೋಬಸ್ಟಾ ಕೊಯ್ಲು. ಎಷ್ಟೋ ಕಡೆ ಕೊಯ್ದ ಕಿಲೋ ಲೆಕ್ಕದಲ್ಲಿ ಕೂಲಿ. ಒಂದು ಗಂಟೆ ಲಸಿಕೆಗೆ ನಿಂತರೆ ಅಷ್ಟು ದುಡ್ಡು ಹೋಯಿತು. ಆದ್ದರಿಂದ ಕಾಫಿ ತೂಕ ಹಾಕುವ ಜಾಗದಲ್ಲೇ, ತೂಕದ ಹೊತ್ತಿಗೆ ಲಸಿಕೆ ಇಟ್ಟುಕೊಳ್ಳಿ. ಎಲ್ಲರೂ ಅಲ್ಲಿಗೆ ಬಂದೇ ಬರುತ್ತಾರೆ. ಮಾರನೇ ದಿನ ಜ್ವರ ಬಂದರೆ ಕೂಲಿ ಕಡಿಯುವುದಿಲ್ಲ ಅಂತ ಮೊದಲೇ ಹೇಳಿಬಿಡಿ. ಆ ಒಂದು ಮಾತಿನಿಂದ ಸಾಲಿನಲ್ಲಿ ನಿಲ್ಲುವವರ ಸಂಖ್ಯೆ ಹೆಚ್ಚುತ್ತದೆ.

ಹಾಡಿಯಲ್ಲಿ ಯಾವ ದಿನ ಲಸಿಕೆ ಇಟ್ಟರೆ ಜನ ಸಿಗುತ್ತಾರೆ?

ಅವರನ್ನೇ ಕೇಳಿ. ಸಂತೆ ದಿನ ಬೇಡ. ಗೋಣಿಕೊಪ್ಪದಲ್ಲಿ ಭಾನುವಾರ ಸಂತೆ ಅಂದರೆ ಸುತ್ತಲಿನ ಹಾಡಿಗಳೆಲ್ಲ ಅಲ್ಲೇ ಇರುತ್ತವೆ. ಮೇ ತಿಂಗಳಲ್ಲಿ ಬರುವ ಆದಿವಾಸಿಗಳ ಕುಂಡೆ ಹಬ್ಬದ ಆಸುಪಾಸಿನಲ್ಲೂ ಬೇಡ. ಜೇನಿನ ಕಾಲದಲ್ಲಿ ಗಂಡಸರು ಕಾಡಿನಲ್ಲಿರುತ್ತಾರೆ. ಹಾಡಿಯ ಯಜಮಾನರ ಹತ್ತಿರ ಮೊದಲು ಹೋಗಿ ಮಾತಾಡಿ, ದಿನ ಅವರೇ ಹೇಳಲಿ. ಕಚೇರಿಯಲ್ಲಿ ಕೂತು ನಿಗದಿ ಮಾಡಿದ ದಿನಾಂಕಕ್ಕೆ ಹಾಡಿ ಖಾಲಿ ಇದ್ದರೆ ಅದಕ್ಕೆ ಹಾಡಿಯವರು ಕಾರಣರಲ್ಲ.

ಭಾಷೆಯ ಬಗ್ಗೆಯೂ ಗಮನ ಇರಲಿ. ಹಾಡಿಯ ಹಿರಿಯರಿಗೆ ಕನ್ನಡ ಅರ್ಥವಾದರೂ ಅವರ ಮನಸ್ಸಿನ ಭಾಷೆ ಬೇರೆ. ಯರವ ಭಾಷೆ ಬಲ್ಲ ಹುಡುಗಿಯೊಬ್ಬಳು ಜೊತೆಗಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಕಾರ ಒಪ್ಪಿಗೆ ಕೇಳುವ ಸೂಚನೆ ಸಂವಿಧಾನದ 8ನೇ ಪರಿಚ್ಛೇದದ ಭಾಷೆಗಳಲ್ಲಿ ಸಿಗಬೇಕು. ಆ ಪಟ್ಟಿಯಲ್ಲಿ ಕೊಡವ ತಕ್ಕ್ ಇಲ್ಲ, ತುಳು ಇಲ್ಲ, ಯರವರ ಮಾತೂ ಇಲ್ಲ. ಹಾಗಾಗಿ ಕೊಡಗಿನಲ್ಲಿ ಅಚ್ಚಾದ ಕಾಗದ ಓದಿ ಹೇಳಿದರೆ ಸಾಲದು. ಬಾಯಿಮಾತಿನಲ್ಲಿ, ಅವರದೇ ಭಾಷೆಯಲ್ಲಿ ಹೇಳಬೇಕು. ಅರ್ಥವಾಯಿತಾ ಅಂತ ಕೇಳಿ, ಅವರ ಬಾಯಲ್ಲೇ ತಿರುಗಿ ಹೇಳಿಸಬೇಕು.

ಅಮ್ಮ ಹಾಸಿಗೆ ಹಿಡಿದಿದ್ದಾರೆ. ಮನೆಗೇ ಬಂದು ಹಾಕುತ್ತಾರಾ?

ಕೇಳಿ ನೋಡಿ. ಕೋವಿಡ್ ಹೊತ್ತಿನಲ್ಲಿ 2021ರ ಸೆಪ್ಟೆಂಬರ್‌ನಿಂದ ನಡೆಯಲಾಗದವರಿಗೆ ಮನೆಯಲ್ಲೇ ಲಸಿಕೆ ಹಾಕುವ ಅವಕಾಶ ಕೊಟ್ಟಿದ್ದರು. ನವೆಂಬರ್‌ನಲ್ಲಿ ಮನೆಮನೆಗೂ ಹೋಗುವ ಅಭಿಯಾನ ಶುರುವಾಯಿತು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ನಿಮ್ಮ ಆಶಾ ಕಾರ್ಯಕರ್ತೆಗೆ ಮೊದಲೇ ತಿಳಿಸಿ. ಅಮ್ಮ ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಒಂದು ಕವರ್‌ನಲ್ಲಿ ಹಾಕಿ ತೋರಿಸಿ. ಮುಖ್ಯವಾಗಿ ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಹೇಳಲೇಬೇಕು. ಸೂಜಿ ಚುಚ್ಚಿದ ಜಾಗವನ್ನು ಹೆಚ್ಚು ಹೊತ್ತು ಒತ್ತಿ ಹಿಡಿಯಬೇಕಾಗುತ್ತದೆ. ಹಿಂದೆ ಯಾವುದಾದರೂ ಲಸಿಕೆಗೆ ಮೈ ಊದಿದ್ದು, ಉಸಿರು ಕಟ್ಟಿದ್ದು ಇದ್ದರೆ ಅದನ್ನೂ ಹೇಳಿ. ಹಾಕಿದ ಮೇಲೆ ತಂಡ ಅರ್ಧ ಗಂಟೆ ಅಲ್ಲೇ ಇರಬೇಕು. ಅವರು ಅವಸರ ಮಾಡಿದರೆ ಕಾಫಿ ಕೊಟ್ಟು ಕೂರಿಸಿಕೊಳ್ಳಿ.

ಮಗ ಬೆಂಗಳೂರಿನಲ್ಲಿದ್ದಾನೆ. ಅಪ್ಪನ ವಿವರ ಅವನಿಗೆ ಫೋನಿನಲ್ಲಿ ಹೇಳುತ್ತಾರಾ?

ಅಪ್ಪ ಒಪ್ಪಿದರೆ ಹೇಳಬಹುದು. ಮಗ ಅನ್ನುವ ಕಾರಣಕ್ಕೇ ಹೇಳಬೇಕು ಅಂತಿಲ್ಲ. ತಂಡ ಬರುವ ದಿನ ಅಪ್ಪನ ಎದುರಿಗೇ ಫೋನ್ ಮಾಡಿಸಿ, ಅಪ್ಪನೇ ಹೂಂ ಅನ್ನಲಿ. ಮರೆವಿನ ಕಾಯಿಲೆ ಇದ್ದರೆ ನೋಡಿಕೊಳ್ಳುವವರು ಯಾರು ಅಂತ ಮೊದಲೇ ಆರೋಗ್ಯ ಕೇಂದ್ರದಲ್ಲಿ ಬರೆಸಿಡಿ.

ಮಳೆಗಾಲದಲ್ಲಿ ಕರೆಂಟ್ ದಿನಗಟ್ಟಲೆ ಇರುವುದಿಲ್ಲ. ಲಸಿಕೆ ಕೆಟ್ಟುಹೋಗಲ್ವಾ?

ಕೇಳಬೇಕಾದ ಪ್ರಶ್ನೆಯೇ. ಲಸಿಕೆ 2ರಿಂದ 8 ಡಿಗ್ರಿ ನಡುವೆ ಇರಬೇಕು. ಆರೋಗ್ಯ ಕೇಂದ್ರದ ಲಸಿಕೆ ಫ್ರಿಜ್‌ಗೆ ಒಳಗೆ ಐಸ್‌ನ ಪದರ ಇರುತ್ತದೆ, ಕರೆಂಟ್ ಹೋದರೂ ತಂಪು ಬಹಳ ಹೊತ್ತು ನಿಲ್ಲುತ್ತದೆ. ಹೊರಗೆ ಒಯ್ಯುವಾಗ ನಾಲ್ಕು ಐಸ್ ಪ್ಯಾಕ್ ಇಟ್ಟ ಡಬ್ಬ. ಬಿಸಿಯಾದರೆ ಮಾತ್ರ ಕೆಡುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಪೆಂಟಾವೇಲೆಂಟ್, ಟಿಡಿಯಂಥ (ಧನುರ್ವಾಯು, ಗಂಟಲಮಾರಿ ತಡೆಯುವ) ಲಸಿಕೆಗಳು ಹೆಪ್ಪುಗಟ್ಟಿದರೂ ಕೆಡುತ್ತವೆ. ಅದಕ್ಕೇ ಐಸ್ ಪ್ಯಾಕನ್ನು ಸ್ವಲ್ಪ ಹೊತ್ತು ಹೊರಗಿಟ್ಟು, ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಕೇಳಿದ ಮೇಲೆಯೇ ಡಬ್ಬಕ್ಕೆ ಹಾಕುತ್ತಾರೆ.

ಸೀಸೆಯ ಮೇಲೆ ಒಂದು ವೃತ್ತ, ಅದರೊಳಗೆ ಚೌಕ ಇರುತ್ತದೆ. ಚೌಕ ಸುತ್ತಲಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಬಳಸಬಹುದು. ಅಷ್ಟೇ ಕಪ್ಪಾಗಿದ್ದರೆ ಬಳಸುವ ಹಾಗಿಲ್ಲ. ತೋರಿಸಿ ಅಂತ ಧಾರಾಳವಾಗಿ ಕೇಳಿ. ಒಳ್ಳೆಯ ಸಿಸ್ಟರ್ ಖುಷಿಯಿಂದ ತೋರಿಸುತ್ತಾರೆ.

ಬಿಸಿಜಿ, ದಡಾರ-ರುಬೆಲ್ಲಾ ಸೀಸೆಯನ್ನು ಕಲಸಿದ ಮೇಲೆ 4 ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಎಸೆಯಬೇಕು. ದೂರದ ಹಾಡಿಯಲ್ಲಿ ಒಂದೇ ಮಗು ಇದ್ದಾಗ, ಇಡೀ ಸೀಸೆ ಹಾಳಾಗುತ್ತದೆ ಅಂತ ಕೆಲವರು ಹಿಂಜರಿಯುತ್ತಾರೆ. ಒಂದೇ ಮಗು ಇದ್ದರೂ ತೆರೆಯಬೇಕು. ಆ ತಾಯಿ ಮತ್ತೊಂದು ದಿನದ ಕೂಲಿ ಬಿಟ್ಟು ಬರುತ್ತಾಳೆ ಅಂತ ನಂಬಿಕೊಂಡು ಮಗುವನ್ನು ಹಿಂದಕ್ಕೆ ಕಳಿಸಬಾರದು.

ಹೆಸರು ಬರೆಯುವಾಗ ಯಾವ ವಿವರ ಕೊಡಲೇಬೇಕು? ಯಾವುದನ್ನು ಕೇಳಬಾರದು?

ಹೆಸರು, ವಯಸ್ಸು, ಇರುವ ಜಾಗ, ಸಂಪರ್ಕಿಸಲು ಒಂದು ದಾರಿ, ಹಿಂದಿನ ಡೋಸ್, ಅಲರ್ಜಿ, ಈಗಿರುವ ಕಾಯಿಲೆ ಮತ್ತು ಮಾತ್ರೆ. ಲಸಿಕೆಗೆ ಇಷ್ಟು ಬೇಕು. ಸಂಬಳ ಎಷ್ಟು, ಬ್ಯಾಂಕ್ ಖಾತೆ ಯಾವುದು, ಯಾರಿಗೆ ಓಟು ಹಾಕುತ್ತೀರಿ, ಸಾಲ ಎಷ್ಟಿದೆ ಅನ್ನುವುದೆಲ್ಲ ಬೇಡ. ಜಾತಿ ಅಥವಾ ಬುಡಕಟ್ಟಿನ ಹೆಸರು ಕೇಳಿದರೆ ಯಾಕೆ ಅಂತ ಕೇಳಿ. ಕುಡುಗೋಲು ಕಣ ರಕ್ತಹೀನತೆಯ (ಸಿಕಲ್ ಸೆಲ್) ತಪಾಸಣೆಯಂಥ ಕೆಲಸಕ್ಕೆ ಅದು ಬೇಕಾಗಬಹುದು. ಆ ಕಾರ್ಯಕ್ರಮ 2023ರ ಜುಲೈನಲ್ಲಿ ಶುರುವಾಗಿದೆ, ಆದಿವಾಸಿಗಳೇ ಅದರ ಕೇಂದ್ರ. ಕಾರಣ ಹೇಳಿದರೆ ಕೊಡಿ. ಕಾರಣ ಹೇಳಲು ಬಾರದಿದ್ದರೆ ಆ ಜಾಗ ಖಾಲಿ ಬಿಡಿ ಅನ್ನಿ.

ಆಭಾ ಕಾರ್ಡ್ ಮಾಡಿಸಲೇಬೇಕಾ?

ಕಡ್ಡಾಯವಿಲ್ಲ. ಆಭಾ ಅಂದರೆ 14 ಅಂಕಿಯ ಆರೋಗ್ಯ ಸಂಖ್ಯೆ. 2021ರ ಸೆಪ್ಟೆಂಬರ್ 27ರಂದು ದೇಶದ ತುಂಬ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ ಭಾಗ. ನಿಮ್ಮ ದಾಖಲೆ ಒಂದೇ ಕಡೆ ರಾಶಿ ಬೀಳುವುದಿಲ್ಲ, ಯಾವ ಆಸ್ಪತ್ರೆಯಲ್ಲಿ ಆಯಿತೋ ಅಲ್ಲೇ ಇರುತ್ತದೆ. ಇನ್ನೊಬ್ಬ ವೈದ್ಯರು ನೋಡಬೇಕಾದರೆ ನಿಮ್ಮ ಒಪ್ಪಿಗೆ ಬೇಕು. ಯಾವ ದಾಖಲೆ, ಎಷ್ಟು ದಿನ ಅನ್ನುವುದನ್ನು ನೀವೇ ಹೇಳಬಹುದು. ಕೊಟ್ಟ ಒಪ್ಪಿಗೆಯನ್ನು ವಾಪಸ್ ತೆಗೆದುಕೊಳ್ಳಬಹುದು.

ಡಯಾಲಿಸಿಸ್, ಹೃದಯದ ಕಾಯಿಲೆ ಇದ್ದು ಒಮ್ಮೆ ಮಡಿಕೇರಿ, ಒಮ್ಮೆ ಮೈಸೂರು, ಒಮ್ಮೆ ಮಂಗಳೂರು ಅಂತ ಓಡಾಡುವವರಿಗೆ ಇದು ತುಂಬ ಅನುಕೂಲ. ಅವರಿಗೆ ಮಾಡಿಸಿ ಅಂತಲೇ ಹೇಳುತ್ತೇನೆ. ಆದರೆ ಲಸಿಕೆಯ ಸಾಲಿನಲ್ಲಿ ನಿಂತ ಅಜ್ಜಿಗೆ ಏನೂ ಹೇಳದೆ ಬೆರಳು ಒತ್ತಿಸಿಕೊಂಡು ಆಭಾ ಮಾಡಿಬಿಡುವುದು ಒಪ್ಪಿಗೆ ಅಲ್ಲ.

ಒಟಿಪಿ ಕೇಳುತ್ತಾರೆ. ಕೊಡಬಹುದಾ?

ಎದುರಿಗೆ ಕೂತ, ನಿಮಗೆ ಪರಿಚಯವಿರುವ ಆರೋಗ್ಯ ಕಾರ್ಯಕರ್ತೆ ಇದು ಯಾವುದಕ್ಕೆ ಅಂತ ಹೇಳಿ ಕೇಳಿದರೆ ಕೊಡಬಹುದು. ಫೋನ್ ಮಾಡಿ ಲಸಿಕೆಗೆ ಒಟಿಪಿ ಹೇಳಿ ಅಂದರೆ ಕೊಡಬೇಡಿ. ಲಸಿಕೆಗೆ ಬ್ಯಾಂಕ್ ವಿವರ ಬೇಕು ಅನ್ನುವವರು ಮೋಸಗಾರರೇ.

ಫೋನ್ ಇಲ್ಲದವರು ಮೇಸ್ತ್ರಿಯ ನಂಬರೋ ಪಕ್ಕದ ಮನೆಯವರ ನಂಬರೋ ಕೊಡುತ್ತಾರೆ. ಆಗ ನಿಮ್ಮ ಲಸಿಕೆಯ ಸಂದೇಶ, ಪ್ರಮಾಣಪತ್ರ ಎಲ್ಲ ಅವರಿಗೆ ಹೋಗುತ್ತದೆ. ಕೋವಿನ್‌ನಲ್ಲಿ ಮೊದಲು ಒಂದು ನಂಬರಿಗೆ 4 ಜನ, 2022ರಿಂದ 6 ಜನ ಸೇರಬಹುದಿತ್ತು. ಮೇಸ್ತ್ರಿ ಬದಲಾದ ಮೇಲೆ ಪ್ರಮಾಣಪತ್ರ ತೆಗೆಯಲಾಗದೆ ಒದ್ದಾಡಿದವರನ್ನು ಕಂಡಿದ್ದೇನೆ. ಸ್ವಂತ ನಂಬರ್ ಇಲ್ಲದಿದ್ದರೆ ಕಾಗದದ ಮೇಲೆ ಬರೆಸಿಕೊಳ್ಳಿ. ಲಸಿಕೆಯ ಹೆಸರು, ದಿನಾಂಕ, ಮುಂದಿನ ದಿನಾಂಕ, ಸಿಸ್ಟರ್ ಸಹಿ ಇದ್ದರೆ ಸಾಕು.

ನಮ್ಮ ವಿವರ ಸೋರಿಹೋಗಲ್ವಾ?

ಹೆದರಿಕೆ ಸಹಜ. 2023ರ ಜೂನ್‌ನಲ್ಲಿ ಕೋವಿನ್‌ಗೆ ಕೊಟ್ಟ ವಿವರಗಳು ಟೆಲಿಗ್ರಾಂನಲ್ಲಿ ಸಿಗುತ್ತಿವೆ ಅನ್ನುವ ಸುದ್ದಿ ಎಲ್ಲ ಕಡೆ ಬಂದಿತ್ತು. ಕೋವಿನ್ ಸುರಕ್ಷಿತವಾಗಿದೆ ಅಂತ ಆರೋಗ್ಯ ಸಚಿವಾಲಯ ಹೇಳಿತ್ತು. ನಮ್ಮ ಮಟ್ಟದಲ್ಲಿ ಹೆಚ್ಚಾಗಿ ಸೋರುವುದು ಅಷ್ಟು ದೊಡ್ಡ ಜಾಗದಿಂದಲ್ಲ, ವಾಟ್ಸ್‌ಆ್ಯಪ್ ಗುಂಪಿನಿಂದ. ಲಸಿಕೆ ಹಾಕಿಸಿಕೊಳ್ಳದವರ ಪಟ್ಟಿ ಅಂತ ಹೆಸರು, ಫೋನ್ ನಂಬರ್, ಕಾಯಿಲೆ ಸಮೇತ ಊರಿನ ಗುಂಪಿಗೆ ಫೋಟೊ ಹಾಕುತ್ತಾರೆ. ಒಳ್ಳೆಯ ಉದ್ದೇಶದಿಂದಲೇ ಹಾಕುತ್ತಾರೆ. ದಯವಿಟ್ಟು ಹಾಕಬೇಡಿ. ಹತ್ತು ನಿಮಿಷದಲ್ಲಿ ಅದು ಗೋಣಿಕೊಪ್ಪ, ಕುಶಾಲನಗರ ಎಲ್ಲ ದಾಟಿರುತ್ತದೆ. ಊರ ಗುಂಪಿಗೆ ದಿನ, ಜಾಗ, ಸಮಯ ಹಾಕಿ. ಹೆಸರಿನ ಕೆಲಸವನ್ನು ಮನೆಗೆ ಹೋಗಿ ಮಾಡಿ.

ಮೇಲೆ ಹೇಳಿದ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಹಂತ ಹಂತವಾಗಿ ಜಾರಿಯಾಗುತ್ತವೆ. ಸಾಂಕ್ರಾಮಿಕ ರೋಗ ಹರಡಿದಾಗ, ಜೀವಕ್ಕೆ ಅಪಾಯ ಇದ್ದಾಗ ಒಪ್ಪಿಗೆ ಇಲ್ಲದೆಯೂ ವಿವರ ಬಳಸಲು ಅದರಲ್ಲಿ ಅವಕಾಶವಿದೆ. ಅಂಥ ಹೊತ್ತಿನಲ್ಲಿ ವೈದ್ಯರು ವೈದ್ಯರಿಗೆ ಹೇಳುವುದು ಸರಿಯೇ. ಊರಿಗೆಲ್ಲ ಹೇಳಲು ಅದು ಪರವಾನಗಿ ಅಲ್ಲ.

ಎಚ್‌ಐವಿ, ಟಿಬಿ, ಮಾನಸಿಕ ಕಾಯಿಲೆ ಇದ್ದರೆ ಹೇಳಬೇಕಾ?

ವೈದ್ಯರಿಗೆ, ಸಿಸ್ಟರ್‌ಗೆ ಪಕ್ಕಕ್ಕೆ ಕರೆದು ಹೇಳಿ. ರೋಗನಿರೋಧಕ ಶಕ್ತಿ ತುಂಬ ಕಡಿಮೆ ಇದ್ದರೆ ಬಿಸಿಜಿ, ದಡಾರದಂಥ ಜೀವಂತ ಲಸಿಕೆಗಳ (ದುರ್ಬಲಗೊಳಿಸಿದ ಜೀವಂತ ರೋಗಾಣು ಇರುವ) ಬಗ್ಗೆ ವೈದ್ಯರು ಯೋಚಿಸಿಯೇ ನಿರ್ಧರಿಸಬೇಕು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೂ ಗರ್ಭಿಣಿಯರಿಗೂ ಇದೇ ಮಾತು. ಸಾಲಿನಲ್ಲಿ ನಿಂತಾಗ ಜೋರಾಗಿ ಕೇಳಿದರೆ ಉತ್ತರ ಕೊಡಬೇಕಿಲ್ಲ.

2017ರ ಎಚ್‌ಐವಿ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ಲದೆ ಒಬ್ಬರ ಎಚ್‌ಐವಿ ಸ್ಥಿತಿಯನ್ನು ಬೇರೆಯವರಿಗೆ ಹೇಳುವುದು ತಪ್ಪು. ಅದೇ ವರ್ಷದ ಮಾನಸಿಕ ಆರೋಗ್ಯ ಕಾಯ್ದೆಯೂ ಗೋಪ್ಯತೆಯನ್ನು ಹಕ್ಕು ಅನ್ನುತ್ತದೆ. ಟಿಬಿಯನ್ನು 2012ರಿಂದ ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕು. ಆ ಮಾಹಿತಿ ಚಿಕಿತ್ಸೆಗೆ, ತೋಟದ ಮಾಲೀಕರಿಗಲ್ಲ.

ಆಸ್ಪತ್ರೆಯಲ್ಲಿ ದಾಖಲೆ ಕೇಳಿದರೆ ಕೊಡುತ್ತಿಲ್ಲ.

ಬರೆದು ಕೇಳಿ. ವೈದ್ಯರ ನಡವಳಿಕೆಯ 2002ರ ನಿಯಮಗಳಲ್ಲಿ, ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತಿದೆ. ಒಳರೋಗಿಗಳ ದಾಖಲೆಯನ್ನು 3 ವರ್ಷ ಇಟ್ಟುಕೊಳ್ಳಬೇಕು ಅಂತಲೂ ಇದೆ. ಅರ್ಜಿಯ ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ನಾಯಿ ಕಚ್ಚಿದ್ದಕ್ಕೆ ಹಾಕಿಸುವ ಲಸಿಕೆಗೂ ಈ ದಾಖಲೆ ಬೇಕಾ?

ಅದಕ್ಕಂತೂ ಬೇಕೇ ಬೇಕು. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನ, ಆಮೇಲೆ 3, 7, 28ನೇ ದಿನ. ಕೊಯ್ಲಿನ ಜನ ಅಷ್ಟರಲ್ಲಿ ಎರಡು ತೋಟ ಬದಲಿಸಿರುತ್ತಾರೆ. ಚೀಟಿ ಇದ್ದರೆ ಯಾವ ಸರ್ಕಾರಿ ಆಸ್ಪತ್ರೆಯಲ್ಲಾದರೂ ಮುಂದುವರಿಸಬಹುದು. ರೇಬೀಸ್ ಬಂದ ಮೇಲೆ ಉಳಿಸಿಕೊಳ್ಳಲು ಔಷಧ ಇಲ್ಲ. ಕಚ್ಚಿದ ಕೂಡಲೇ ಗಾಯವನ್ನು ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಖಾರದ ಪುಡಿ ಹಚ್ಚಬೇಡಿ. ಆಮೇಲೆ ಆಸ್ಪತ್ರೆಗೆ ಹೊರಡಿ.

ನನಗೆ ಲಸಿಕೆ ಬೇಡ. ಬಲವಂತ ಮಾಡಬಹುದಾ?

ಯಾರನ್ನೂ ಬಲವಂತವಾಗಿ ಲಸಿಕೆಗೆ ಒಳಪಡಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2022ರ ಮೇ 2ರಂದು ಕೋವಿಡ್ ಲಸಿಕೆಯ ವಿಚಾರದಲ್ಲಿ ಹೇಳಿದೆ. ರೇಷನ್ ಕೊಡುವುದಿಲ್ಲ, ಕೆಲಸ ಕೊಡುವುದಿಲ್ಲ ಅಂತ ಹೆದರಿಸುವುದು ತಪ್ಪು. ಆದರೂ ಒಂದು ಬೇಡಿಕೆ ನನ್ನದು. ಬೇಡ ಅನ್ನುವ ಮೊದಲು ನಿಮ್ಮ ಅನುಮಾನ ಏನು ಅಂತ ಬಾಯಿಬಿಟ್ಟು ಹೇಳಿ. ಎಷ್ಟೋ ಸಲ ಅದು ಒಂದು ಮಾತಿನಲ್ಲಿ ಕರಗುವ ಅನುಮಾನ. ಸಣ್ಣ ನೆಗಡಿ, ಕೆಮ್ಮು ಇದ್ದರೆ ಹಾಕಿಸಬಾರದು ಅಂದುಕೊಂಡು ವಾಪಸ್ ಹೋಗುವವರು ಬೇಕಾದಷ್ಟಿದ್ದಾರೆ, ಅದು ತಡೆಯಲ್ಲ. ಲಸಿಕೆಯ ನಂತರ ಒಂದೆರಡು ದಿನ ಜ್ವರ, ತೋಳು ನೋವು ಬರುವುದು ಸಾಮಾನ್ಯ. ಇವತ್ತು ಬೇಡ ಅಂದವರ ಹೆಸರಿನ ಮುಂದೆ ಕೆಂಪು ಗೆರೆ ಎಳೆದು ಬಿಡುವುದೂ ಸರಿಯಲ್ಲ. ಮತ್ತೆ ಹೋಗಿ ಕೇಳಬೇಕು.

ಸ್ವಯಂಸೇವಕರಾಗಿ ಬರಬೇಕು ಅಂತಿದ್ದೇವೆ. ಏನು ಮಾಡಬಹುದು?

ವಾಹನ ಓಡಿಸಿ. ನಿಜವಾಗಿ ಕೊರತೆ ಇರುವುದು ಅದರದ್ದೇ. ಭಾಷೆ ಬಲ್ಲವರು ಜೊತೆಗೆ ಬನ್ನಿ. ಪಟ್ಟಿ ಸಿಕ್ಕಿದರೆ ಆವತ್ತಿನ ದಿನಕ್ಕೆ ಬೇಕಾದ ಹೆಸರು ಮಾತ್ರ ತೆಗೆದುಕೊಳ್ಳಿ. ಸಂಜೆ ಆರೋಗ್ಯ ಕೇಂದ್ರಕ್ಕೆ ವಾಪಸ್ ಕೊಡಿ, ಫೋನಿನಲ್ಲಿರುವ ಫೋಟೊ ಅಳಿಸಿ. ಮನೆಯಲ್ಲಿ ಕಂಡದ್ದನ್ನು ಹೊರಗೆ ಹೇಳಬೇಡಿ, ನಿಮ್ಮ ಮನೆಯಲ್ಲೂ ಹೇಳಬೇಡಿ.

ಯಾರಿಗೆ ಫೋನ್ ಮಾಡಬೇಕು?

ಮೊದಲು ನಿಮ್ಮ ಆಶಾ ಕಾರ್ಯಕರ್ತೆಗೆ. ಆರೋಗ್ಯದ ಸಲಹೆ, ದೂರು ಎರಡಕ್ಕೂ 104. ಲಸಿಕೆಯ ನಂತರ ಉಸಿರಾಟಕ್ಕೆ ಕಷ್ಟ, ಮುಖ ಊತ, ತಲೆ ಸುತ್ತಿ ಬೀಳುವುದು ಆದರೆ ಕಾಯದೆ 108. ಹಿರಿಯರ ಸಹಾಯವಾಣಿ 14567. ಮನಸ್ಸಿಗೆ ತೀರಾ ಕಷ್ಟವಾಗಿದ್ದರೆ 14416. ನೆಟ್‌ವರ್ಕ್ ಇಲ್ಲದ ಕಡೆ ಇರುವವರು ಈ ನಂಬರ್‌ಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ. ಸಿಗ್ನಲ್ ಸಿಗುವ ಹತ್ತಿರದ ಜಾಗ ಯಾವುದು ಅಂತ ಮನೆಯ ಮಕ್ಕಳಿಗೂ ತೋರಿಸಿಕೊಡಿ.